ಬಾಳೆಹಣ್ಣಿನ ಬಿಲ್ಲೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಹನ್ನೊಂದಕ್ಕೆ ಡ್ರೈವರ್ ನಮ್ಮ ಆಫೀಸಿಗೆ ಬಂದಿದ್ದ. ಡ್ರೈವರ್ ಎಂದರೆ ನನ್ನ ತಂಗಿಯ ಗಂಡ, ಸಿಟಿ ಬಸ್ ಓಡಿಸುವವನು. ಮೂರು ವರ್ಷದಲ್ಲಿ ಅವನ ಮುಖ ನೋಡಿದ್ದು ಇದೇ ಮೊದಲು. ನಾನು ಆಗ ಒಬ್ಬ ಹಣ್ಣಿನ ಅಂಗಡಿಯವನ ತಕ್ಕಡಿ ಪರೀಕ್ಷಿಸಿ ಇಲಾಖೆಯ ಮುದ್ರೆ ಒತ್ತುತ್ತಿದ್ದೆ. ಕೆಲಸ ಮುಗಿಯುವವರೆಗೆ ಅವನನ್ನು ಕಾಯಿಸಿದೆ. ಕುರ್ಚಿ ಖಾಲಿಯಿತ್ತು, ಕೂರಲಿಲ್ಲ.

ತಂಗಿಗೆ ಕರುಳು ತಿರುಚಿಕೊಂಡು ಹದಿನೈದು ದಿನದ ಹಿಂದೆ ಆಪರೇಷನ್ ಆಗಿದೆಯಂತೆ. ಒಳಗೆ ಕೀವು ತುಂಬಿ ನಿನ್ನೆ ಮತ್ತೆ ಕೊಯ್ದಿದ್ದಾರೆ. ತೀವ್ರ ನಿಗಾ ಘಟಕದಲ್ಲಿದ್ದಾಳೆ. ಅಣ್ಣನಿಗೆ ಹೇಳಬೇಡಿ ಎಂದು ಅವಳೇ ಹೇಳಿದ್ದಳಂತೆ.

"ಮತ್ತೆ ಈಗ ಯಾಕೆ ಬಂದ್ರಿ?" ಅಂದೆ.

"ಮಗು ಇದೆ ಸಾರ್. ಆರು ತಿಂಗಳು. ನನ್ನ ರಜೆ ಮುಗೀತು. ಬೆಳಗಿನ ಐದರ ಬಸ್ಸು ನಂದು. ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಹೋಗ್ಬೇಕು. ಬೇರೆ ಯಾರೂ ಇಲ್ಲ."

ಬೇರೆ ಯಾರೂ ಇಲ್ಲ ಎಂಬುದು ನಿಜ. ಅವನ ಕಡೆ ಯಾರೂ ಉಳಿದಿಲ್ಲ. ನಮ್ಮ ಕಡೆ ನಾನೊಬ್ಬ. ಅಪ್ಪ ಅಮ್ಮ ಹೋದಾಗ ತಂಗಿಗೆ ಹನ್ನೊಂದು, ನನಗೆ ಇಪ್ಪತ್ತೈದು. ಜಡೆ ಹೆಣೆಯುವುದರಿಂದ ಹಿಡಿದು ಕಾಲೇಜಿಗೆ ಸೇರಿಸುವವರೆಗೆ ಎಲ್ಲ ನಾನೇ. ಒಮ್ಮೆ ಮದುವೆಯಾಗಿ ಬಿಟ್ಟವನನ್ನು ಕಟ್ಟಿಕೊಳ್ಳುತ್ತೇನೆ ಎಂದು ಹಟ ಹಿಡಿದಾಗ, ಹೋಗುವುದಾದರೆ ನನ್ನ ಪಾಲಿಗೆ ನೀನಿಲ್ಲ ಎಂದೆ. ಅವಳು ಹೋದಳು.

ನನ್ನ ಲೆಕ್ಕದಲ್ಲಿ ನೂರಹತ್ತು ದಿನ ರಜೆ ಕೊಳೆಯುತ್ತಿದೆ. ಅರ್ಜಿ ಬರೆದೆ. ಮಗುವಿಗಾಗಿ ಮಾತ್ರ. ಇದನ್ನು ಡ್ರೈವರ್‌ಗೂ ಸ್ಪಷ್ಟವಾಗಿ ಹೇಳಿದ್ದೇನೆ.

ಮಾರ್ಚ್ 4, ಮಂಗಳವಾರ

ಎರಡು ಕೋಣೆ, ಒಂದು ಅಡುಗೆಮನೆ. ಮೂರನೇ ಮಹಡಿ. ಬಟ್ಟೆ ಒಣಗಿಸುವ ಹಗ್ಗ ಅಡುಗೆಮನೆಯೊಳಗೇ ಹಾದುಹೋಗಿದೆ. ಫ್ರಿಜ್ಜಿನ ಬಾಗಿಲು ಮುಚ್ಚಬೇಕಾದರೆ ಮೊಣಕಾಲಿನಿಂದ ಒದೆಯಬೇಕು.

ಮಗು ಹೆಣ್ಣು. ಕೂದಲಿಲ್ಲ. ನನ್ನನ್ನು ಕಂಡದ್ದೇ ಅಳಲು ಶುರುಮಾಡಿದ್ದು ಒಂದೂವರೆ ಗಂಟೆ ನಿಲ್ಲಿಸಲಿಲ್ಲ. ತಾಯಿ ಹಾಲು ನಿಂತು ಹದಿನೈದು ದಿನ. ಬಾಟಲಿ ಕಂಡರೆ ಆಗುವುದಿಲ್ಲ. ಚಮಚದಲ್ಲಿ ಹಾಕಿದರೆ ಕೆಳಗಿನ ತುಟಿ ಚಾಚಿ ಎಲ್ಲವನ್ನೂ ಹೊರಗೆ ತಳ್ಳುತ್ತದೆ. ದಿನವಿಡೀ ಒಳಗೆ ಹೋದದ್ದು ಮುನ್ನೂರು ಎಂ.ಎಲ್. ಇರಬಹುದು. ನನ್ನ ಅಂಗಿಗೆ ಹೋದದ್ದನ್ನು ಕಳೆದರೆ ಇನ್ನೂರೈವತ್ತು.

ಡ್ರೈವರ್ ಆರಕ್ಕೆ ಬಂದ. ತಂಗಿಗೆ ಜ್ವರ ಇಳಿದಿಲ್ಲ. ನಾನು ಕೇಳಲಿಲ್ಲ, ಅವನೇ ಹೇಳಿದ.

ಮಾರ್ಚ್ 6, ಗುರುವಾರ

ಮಗುವನ್ನು ಕ್ಲಿನಿಕ್ಕಿಗೆ ಒಯ್ದೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ಎಲ್ಲವೂ ಅಲ್ಲಿಯ ನರ್ಸಮ್ಮನದೇ. ಐವತ್ತೈದರ ಆಸುಪಾಸು, ಗಟ್ಟಿ ಧ್ವನಿ. ತೂಕ ಹಾಕಿದರು. ಐದು ಕಿಲೋ ಒಂಬೈನೂರು. ಕಳೆದ ತಿಂಗಳು ಆರು ಕಿಲೋ ನೂರು ಇತ್ತು.

"ಈ ವಯಸ್ಸಲ್ಲಿ ತೂಕ ಏರ್ಬೇಕು, ಇಳಿಯೋದಲ್ಲ. ಎರಡು ವಾರ ನೋಡ್ತೀವಿ. ಇನ್ನೂ ಇಳಿದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಂದ ನಳಿಗೆ ಹಾಕ್ಬೇಕಾಗತ್ತೆ."

ಬಿಸಿಲಲ್ಲಿ ಮನೆಗೆ ನಡೆದು ಬರುವಾಗ ಒಂದೇ ಯೋಚನೆ. ಆ ತಕ್ಕಡಿ ಹಳೆಯದು, ಮೇಜು ಬೇರೆ ಒಂದು ಕಡೆ ವಾಲಿತ್ತು. ಮಗುವನ್ನು ಎತ್ತಿಕೊಂಡೇ ಬಸ್ಸು ಹತ್ತಿ ನಮ್ಮ ಆಫೀಸಿಗೆ ಹೋಗಿ, ಐದು ಕಿಲೋದ ಪ್ರಮಾಣಿತ ಬಟ್ಟು ಒಂದನ್ನು ರಿಜಿಸ್ಟರಿನಲ್ಲಿ ಸಹಿ ಮಾಡಿ ತಂದೆ. ಒಂದು ಕೈಯಲ್ಲಿ ಐದು ಕಿಲೋ ಕಬ್ಬಿಣ, ಇನ್ನೊಂದರಲ್ಲಿ ಐದು ಕಿಲೋ ಒಂಬೈನೂರು ಅಳು. ಮೂರು ಗಂಟೆಗೆ ಮತ್ತೆ ಕ್ಲಿನಿಕ್ಕಿಗೆ ಹೋದೆ.

ನರ್ಸಮ್ಮ ಮೇಲಿಂದ ಕೆಳಗೆ ನೋಡಿದರು. "ಏನ್ರೀ ಇದು, ದಾಳಿನಾ?"

"ನಂದು ತೂಕ ಮತ್ತು ಅಳತೆ ಇಲಾಖೆ. ಒಂದ್ಸಲ ನೋಡ್ಬಿಡ್ತೀನಿ."

ನೋಡಿದೆ. ಐದು ಕಿಲೋ ಇಟ್ಟರೆ ಐದು ಕಿಲೋ ತೋರಿಸಿತು. ಹತ್ತು ಗ್ರಾಮೂ ಆಚೀಚೆ ಇಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ತಕ್ಕಡಿಯೊಂದು ಸುಳ್ಳು ಹೇಳುತ್ತಿರಲಿ ಎಂದು ನಾನು ಬಯಸಿದ್ದು ಇವತ್ತು ಮಾತ್ರ.

ನರ್ಸಮ್ಮ ನಗಲಿಲ್ಲ. ಕೂರಿಸಿ ನೀರು ಕೊಟ್ಟರು. "ಚಮಚ ಬಿಡಿ. ಬಾಯಿಗೆ ತುರುಕೋಕೆ ಹೋದ್ರೆ ಈ ಮಗು ಒಪ್ಪಲ್ಲ. ಕತ್ತು ನಿಂತಿದೆ, ಒರಗಿಸಿದ್ರೆ ಕೂರತ್ತೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗ್ತಿದೆ. ಹಾಲು ಲೋಟದಲ್ಲಿ ಪ್ರಯತ್ನ ಮಾಡಿ. ಊಟ ಅದರ ಕೈಗೇ ಕೊಡಿ. ಮೆತ್ತಗೆ ಪ್ಯಾನ್‌ಕೇಕ್ ಮಾಡಿಕೊಡಿ, ಹಿಡ್ಕೊಂಡು ತಾನೇ ಚೀಪತ್ತೆ."

ಬರೆದುಕೊಂಡೆ. ಚೆನ್ನಾಗಿ ಹಣ್ಣಾದ ಬಾಳೆಹಣ್ಣು, ಮೊಟ್ಟೆ, ನುಣ್ಣಗೆ ಪುಡಿ ಮಾಡಿದ ಓಟ್ಸ್. ಉಪ್ಪಿಲ್ಲ, ಸಕ್ಕರೆಯಿಲ್ಲ, ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಕೂಡದು. ಮೊಟ್ಟೆ ಮೊದಲು ಬೆಳಗಿನ ಹೊತ್ತು ಚೂರೇ ಚೂರು ಕೊಟ್ಟು, ಮೈ ಮೇಲೆ ದದ್ದು ಏಳುತ್ತದೋ ವಾಂತಿಯಾಗುತ್ತದೋ ನೋಡಬೇಕು. ಎರಡು ಬೆರಳ ನಡುವೆ ಒತ್ತಿದರೆ ಹಿಟ್ಟಾಗಬೇಕು. ಆಗದಿದ್ದರೆ ಕೊಡಬಾರದು.

ಮಾರ್ಚ್ 7, ಶುಕ್ರವಾರ

ಬೇಯಿಸಿದ ಮೊಟ್ಟೆಯ ಹಳದಿ, ಬಿಳಿ ಎರಡನ್ನೂ ಹಿಸುಕಿ ಸಾಸಿವೆಯಷ್ಟು ಕೊಟ್ಟೆ. ಉಗುಳಿತು. ನಾಲಿಗೆಗೆ ಒಂದಿಷ್ಟು ತಾಗಿರಬೇಕು. ಎರಡು ಗಂಟೆ ಎದುರಿಗೆ ಕೂತು ಮೈಯೆಲ್ಲ ನೋಡುತ್ತಿದ್ದೆ. ದದ್ದಿಲ್ಲ.

ಮಾರ್ಚ್ 8, ಶನಿವಾರ

ಮೊಟ್ಟೆ ಇವತ್ತೂ ಒಪ್ಪಿತು. ಹಾಗಾಗಿ ಪ್ಯಾನ್‌ಕೇಕಿಗೆ ಕೈ ಹಾಕಿದೆ.

ಮೊದಲನೆಯದು: ಓಟ್ಸ್ ಪುಡಿ ಐವತ್ತು ಗ್ರಾಂ, ಬಾಳೆಹಣ್ಣು ಐವತ್ತು, ಮೊಟ್ಟೆ ಒಂದು. ಚಪ್ಪಲಿ ಅಟ್ಟೆ. ಬೆರಳಲ್ಲಿ ಒತ್ತಿದರೆ ಬೆರಳೇ ನೊಂದಿತು.

ಎರಡನೆಯದು: ಓಟ್ಸ್ ಹತ್ತು, ಬಾಳೆಹಣ್ಣು ನೂರು. ಬಾಣಲೆಗೆ ಅಂಟಿ ಕೂತು ಮೇಲೇಳಲಿಲ್ಲ. ಚಾಕುವಿನಲ್ಲಿ ಕೆರೆದು ತೆಗೆದೆ.

ಮೂರನೆಯದು: ಹೊರಗೆ ಕಪ್ಪು, ಒಳಗೆ ಹಸಿ.

ಇಷ್ಟು ವರ್ಷ ಒಬ್ಬನೇ ಇದ್ದವನಿಗೆ ಅಡುಗೆ ಬಾರದೇ ಏನು ಎಂದುಕೊಂಡಿದ್ದೆ. ಹೊಟ್ಟೆ ತುಂಬಿಸುವುದು ಬರುತ್ತದೆ, ಅಷ್ಟೇ ಎಂದು ಇವತ್ತು ತಿಳಿಯಿತು.

ಡ್ರೈವರ್ ಬಂದವನು ಮೂರನ್ನೂ ತಿಂದ. ಆಸ್ಪತ್ರೆಯಲ್ಲಿ ಊಟ ಮಾಡಿರಲಿಲ್ಲವಂತೆ. "ಚೆನ್ನಾಗಿದೆ ಸಾರ್" ಅಂದ. ಸುಳ್ಳು ಹೇಳುವುದು ಅವನಿಗೆ ಅಷ್ಟೇನೂ ಬರುವುದಿಲ್ಲ ಎಂದು ಗಮನಿಸಿದೆ.

ಮಾರ್ಚ್ 10, ಸೋಮವಾರ

ಬಾಳೆಹಣ್ಣು ಎಂಬತ್ತು ಗ್ರಾಂ, ಓಟ್ಸ್ ಪುಡಿ ಇಪ್ಪತ್ತು, ಮೊಟ್ಟೆ ಒಂದು. ಕಲೆಸಿ ಹತ್ತು ನಿಮಿಷ ಬಿಡಬೇಕು, ಪುಡಿ ನೆನೆಯಬೇಕು. ಇದೇ ಗುಟ್ಟು. ಉರಿ ಸಣ್ಣದು. ಹಿಟ್ಟನ್ನು ಚಮಚದಿಂದ ಸಣ್ಣಸಣ್ಣದಾಗಿ ಬಿಟ್ಟು, ಮೇಲೆ ತೂತು ಬಿದ್ದ ಮೇಲೆ ಮಗುಚಬೇಕು, ಅವಸರ ಮಾಡಬಾರದು. ಬಾಣಲೆಗೆ ತಟ್ಟೆ ಮುಚ್ಚಿದರೆ ಒಳಗೂ ಬೇಯುತ್ತದೆ.

ಎರಡು ಬೆರಳ ನಡುವೆ ಒತ್ತಿದೆ. ಹಿಟ್ಟಾಯಿತು.

ಪ್ಯಾನ್‌ಕೇಕ್ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಬಿಲ್ಲೆಯ ಹಾಗಿದೆ, ಬಿಲ್ಲೆ ಎಂದೇ ಬರೆಯುತ್ತೇನೆ. ಬೆರಳುದ್ದಕ್ಕೆ ಕತ್ತರಿಸಿ ಮಗುವಿನ ಮುಂದೆ ಇಟ್ಟೆ. ಹಿಡಿಯಿತು. ನೋಡಿತು. ಮೇಲಧಿಕಾರಿಗಳು ಕಡತ ತಿರುಗಿಸುವ ಹಾಗೆ ಆ ಕಡೆ ಈ ಕಡೆ ತಿರುಗಿಸಿತು. ನೆಲಕ್ಕೆ ಎಸೆಯಿತು. ಐದು ತುಂಡು ಇಟ್ಟಿದ್ದೆ, ಐದೂ ನೆಲಕ್ಕೆ.

ಸಂಜೆ ಡ್ರೈವರ್ ಬಂದು ಬೂಟು ಬಿಚ್ಚುತ್ತ ಅಂದ, "ಇವತ್ತು ಸ್ವಲ್ಪ ಎಚ್ಚರ ಇದ್ಲು ಸಾರ್. ಮಗು ಯಾರ ಹತ್ರ ಇದೆ ಅಂತ ಕೇಳಿದ್ಲು. ನಿಮ್ಮಣ್ಣನ ಹತ್ರ ಅಂದೆ."

"ಏನಂದ್ಲು?"

"ನಂಬಲಿಲ್ಲ."

ಒಳಗೆ ಹೋಗಿ ಬಾಣಲೆ ತೊಳೆದೆ. ತೊಳೆದೇ ಇಟ್ಟಿದ್ದ ಬಾಣಲೆ ಎಂಬುದು ಆಮೇಲೆ ಗಮನಕ್ಕೆ ಬಂತು.

ಮಾರ್ಚ್ 12, ಬುಧವಾರ

ಇವತ್ತು ತಿಂದಿತು. ತಿನ್ನತೊಡಗಿದ ಮೂರನೇ ನಿಮಿಷಕ್ಕೆ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು, ನಾಲಿಗೆ ಹೊರಗೆ, ಗ್ವ ಗ್ವ ಎಂದು ಓಕರಿಕೆ. ಎತ್ತಿಕೊಂಡು ಬರಿಗಾಲಲ್ಲಿ ಮೂರು ಮಹಡಿ ಇಳಿದು ಕ್ಲಿನಿಕ್ಕಿಗೆ ಓಡಿದೆ. ದಾರಿಯ ಅರ್ಧದಲ್ಲೇ ಮಗು ಸರಿಹೋಗಿ, ನನ್ನ ಕಿವಿ ಹಿಡಿದು ಆಡುತ್ತಿತ್ತು. ನಾನು ಮಾತ್ರ ಓಡುತ್ತಲೇ ಇದ್ದೆ.

ನರ್ಸಮ್ಮ ಮಗುವಿನ ಬಾಯಿ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು.

"ಓಕರಿಕೆ ಬಂದ್ರೆ ಸದ್ದು ಬರತ್ತೆ, ಮುಖ ಕೆಂಪಾಗತ್ತೆ, ಮಗು ತಾನೇ ಮುಂದಕ್ಕೆ ತಳ್ಕೊಳ್ಳತ್ತೆ. ಅದು ಕಲಿಯೋ ರೀತಿ. ಸದ್ದೇ ಇಲ್ಲದೆ, ಉಸಿರಾಡೋಕಾಗದೆ, ತುಟಿ ನೀಲಿಯಾದ್ರೆ, ಅದು ಸಿಕ್ಕಿಹಾಕ್ಕೊಂಡಿರೋದು. ಆಗ ಓಡಿ ಬರೋಷ್ಟು ಹೊತ್ತಿರಲ್ಲ, ಅಲ್ಲೇ ಮಾಡ್ಬೇಕು. ಕೊಡಿ ಇಲ್ಲಿ."

ಒಂದು ಗೊಂಬೆ ತಂದು, ಮುಂಗೈ ಮೇಲೆ ಬೋರಲು ಮಲಗಿಸಿ ತಲೆ ತಗ್ಗಿಸಿ, ಬೆನ್ನ ಮೇಲೆ ಅಂಗೈಯ ಬುಡದಿಂದ ಐದು ಸಲ ತಟ್ಟುವುದನ್ನು, ಆಮೇಲೆ ತಿರುಗಿಸಿ ಎದೆ ಒತ್ತುವುದನ್ನು ನಾಲ್ಕು ಸಲ ಮಾಡಿಸಿದರು. ಕಡೆಯಲ್ಲಿ, "ಎದುರಿಗೆ ಕೂತು ತಿನ್ನಿಸಿ, ಎದ್ದು ಹೋಗ್ಬೇಡಿ. ನೀವು ಹೆದರಿದ್ರೆ ಅದೂ ಹೆದರತ್ತೆ" ಅಂದರು. ತಮ್ಮ ಚಪ್ಪಲಿ ಕೊಟ್ಟರು. ಹಿಂದೆ ಎರಡಂಗುಲ ಹಿಮ್ಮಡಿ ಹೊರಗೆ ಚಾಚಿಕೊಂಡು ಮನೆಗೆ ಬಂದೆ.

ಮಾರ್ಚ್ 13, ಗುರುವಾರ

ಅರ್ಧ ಬಿಲ್ಲೆ. ಒಳಗೆ.

ಮಾರ್ಚ್ 14, ಶುಕ್ರವಾರ

ಮುಕ್ಕಾಲು. ಉಳಿದ ಕಾಲು ಕಿವಿಯೊಳಗೆ ಸಿಕ್ಕಿತು. ಲೋಟದಿಂದ ಹಾಲು ಕುಡಿಯುವುದೂ ತಿಳಿದಿದೆ, ಕುಡಿದ ಮೇಲೆ ಲೋಟ ಬಿಡುವುದು ತಿಳಿದಿಲ್ಲ. ಇವಳನ್ನು ಇವತ್ತಿನಿಂದ ಮೇಡಂ ಎಂದು ಕರೆಯುತ್ತಿದ್ದೇನೆ. ನಮ್ಮ ಇಲಾಖೆಯ ಹಿಂದಿನ ಮುಖ್ಯಸ್ಥೆಯೂ ಹೀಗೇ, ಎಲ್ಲ ನೋಡಿ, ಏನೂ ಹೇಳದೆ, ಮೇಜಿನಿಂದ ತಳ್ಳಿಬಿಡುತ್ತಿದ್ದರು.

ಮಾರ್ಚ್ 16, ಭಾನುವಾರ

ಮಧ್ಯಾಹ್ನ ಒಂದಕ್ಕೆ ಆಸ್ಪತ್ರೆಯಿಂದ ಫೋನು. ರಕ್ತಕ್ಕೆ ನಂಜು ಏರಿದೆ, ಉಸಿರಾಟದ ಯಂತ್ರ ಹಾಕುತ್ತಿದ್ದೇವೆ ಎಂದು. ಡ್ಯೂಟಿ ಮುಗಿಸಿ ಊಟಕ್ಕೆ ಬಂದಿದ್ದ ಡ್ರೈವರ್ ಅನ್ನದ ತಟ್ಟೆ ಬಿಟ್ಟು ಎದ್ದ. ಕೈ ತೊಳೆಯಲು ಹೋದವನು ನಲ್ಲಿ ತಿರುಗಿಸಿ ಸುಮ್ಮನೆ ನಿಂತುಬಿಟ್ಟ. ನೀರು ಹರಿಯುತ್ತಿತ್ತು. ನಾನು ಹೋಗಿ ನಿಲ್ಲಿಸಿದೆ.

"ನಾನೂ ಬರ್ತೀನಿ" ಅಂದೆ.

"ಮಗು?"

ಹೌದು, ಮಗು. ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ.

ಅವನು ಹೋದ. ನಾನು ಕೂತೆ. ಮೂರೂವರೆಗೆ ಮೇಡಂಗೆ ಹಸಿವಾಯಿತು. ಬಾಳೆಹಣ್ಣು ಹಿಸುಕುವಾಗ ಬಟ್ಟಲು ಕೆಳಗೆ ಬಿತ್ತು. ಇನ್ನೊಂದು ಹಣ್ಣು ತೆಗೆದುಕೊಂಡೆ. ತೂಕ ಮಾಡಲಿಲ್ಲ. ಕಲೆಸಿ, ಹತ್ತು ನಿಮಿಷ ಬಿಟ್ಟು, ಮಾಡಿದೆ. ಎದುರಿಗೆ ಕೂತು ತಿನ್ನಿಸಿದೆ. ಇವತ್ತು ಒಂದು ಪೂರ್ತಿ ಬಿಲ್ಲೆ ತಿಂದಳು. ತಿನ್ನುತ್ತ ಒಮ್ಮೆ ನನ್ನನ್ನು ನೋಡಿ ನಕ್ಕಳು. ಇವತ್ತೇ ನಗಬೇಕಿತ್ತೇ.

ತಂಗಿಗೆ ಹನ್ನೆರಡು ವರ್ಷವಿದ್ದಾಗ ಟೈಫಾಯಿಡ್ ಬಂದಿತ್ತು. ಹೀಗೇ ಕೂತಿದ್ದೆ. ಆಗ ಮಾತಾಡಲು ನನಗೆ ಅವಳಾದರೂ ಇದ್ದಳು.

ಡ್ರೈವರ್ ಸಂಜೆ ಏಳಕ್ಕೆ ಫೋನ್ ಮಾಡಿದ. ಇದ್ದ ಹಾಗೇ ಇದ್ದಾಳೆ, ಹೆಚ್ಚಾಗಿಲ್ಲ ಎಂದ. "ನೀವು ಏನಾದ್ರೂ ತಿಂದ್ರಾ ಭಾವ?" ಎಂದು ಕೇಳಿದ. ತಿಂದೆ ಎಂದೆ.

ಮಾರ್ಚ್ 19, ಬುಧವಾರ

ಯಂತ್ರ ತೆಗೆದಿದ್ದಾರೆ. ತಾನಾಗಿ ಉಸಿರಾಡುತ್ತಿದ್ದಾಳೆ. ಎರಡು ದಿನ ಏನೂ ಬರೆಯಲಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ.

ಮಾರ್ಚ್ 20, ಗುರುವಾರ

ಆರು ಕಿಲೋ ಇನ್ನೂರು. ನರ್ಸಮ್ಮ ಎರಡು ಸಲ ತೂಗಿದರು. "ತಕ್ಕಡಿ ಸರಿಯಿದೆ ತಾನೆ ಸಾಹೇಬರೇ?" ಅಂದರು. ಸರಿಯಿದೆ ಎಂದೆ. ನಳಿಗೆ ಬೇಡ. ಅವರ ಚಪ್ಪಲಿ ವಾಪಸ್ಸು ಕೊಟ್ಟೆ.

ವಾಪಸ್ಸು ಬರುವಾಗ ದಾರಿಯಲ್ಲಿ ಸಿಕ್ಕಿದ ಹಣ್ಣಿನ ಅಂಗಡಿಯವನಿಗೆ, ಪರಿಚಯವೇ ಇಲ್ಲದವನಿಗೆ, ಆರು ಕಿಲೋ ಇನ್ನೂರು ಎಂದು ಹೇಳಿದೆ. ಅವನು ಬಾಳೆಹಣ್ಣೇ ಎಂದು ಕೇಳಿದ.

ಮಾರ್ಚ್ 25, ಮಂಗಳವಾರ

ಭಾವನಿಗೆ, ಅದೇ ಡ್ರೈವರ್‌ಗೆ, ವಾರದ ರಜೆ. ಮಗುವನ್ನು ಅವನ ಹತ್ತಿರ ಬಿಟ್ಟು ನಾನು ಆಸ್ಪತ್ರೆಗೆ ಹೋದೆ. ಹೋಗಬೇಕು ಎಂದು ಅವನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕಿಕೊಂಡೆ, ಅಷ್ಟೇ.

ಸಾಮಾನ್ಯ ವಾರ್ಡಿಗೆ ತಂದಿದ್ದಾರೆ. ಹಾಸಿಗೆ ಸಂಖ್ಯೆ ಹದಿನಾಲ್ಕು ಎಂದು ಗೊತ್ತಿದ್ದೂ ನಾನು ಅವಳನ್ನು ದಾಟಿ ಮುಂದೆ ಹೋದೆ. ಮಲಗಿದ್ದವಳು ಯಾರೋ ಮುದುಕಿ ಎಂದುಕೊಂಡೆ. ಹಿಂದಿನಿಂದ "ಅಣ್ಣಾ" ಎಂದಳು.

ಸ್ಟೂಲಿನ ಮೇಲೆ ಕೂತೆ. ಇಬ್ಬರೂ ಕಿಟಕಿ ನೋಡಿದೆವು. ಅಲ್ಲಿ ನೋಡುವಂಥದ್ದು ನೀರಿನ ಟ್ಯಾಂಕು ಬಿಟ್ಟರೆ ಏನೂ ಇರಲಿಲ್ಲ.

"ಮಗು ತಿಂತಾಳಾ?"

ಡಬ್ಬಿ ತೆಗೆದೆ. ಬೆಳಿಗ್ಗೆ ಮಾಡಿದ ಎರಡು ಬಿಲ್ಲೆ ತಂದಿದ್ದೆ. ಅವಳಿಗೆ ಇನ್ನೂ ಗಂಜಿಯೇ ಗತಿ, ತಿನ್ನುವ ಹಾಗಿಲ್ಲ. ತೋರಿಸಲೆಂದು ತಂದದ್ದು. ಸೂಜಿ ಚುಚ್ಚಿದ ಕೈಯಲ್ಲೇ ಒಂದನ್ನು ತೆಗೆದುಕೊಂಡು ಎರಡು ಬೆರಳ ನಡುವೆ ಒತ್ತಿದಳು.

"ಇಷ್ಟು ಮೆತ್ತಗೆ ನೀನು ಮಾಡಿದ್ಯಾ?"

"ಮೊದಮೊದಲು ಆಗಲಿಲ್ಲ. ನಿನ್ನ ಗಂಡ ತಿಂದ."

ನಗಲು ಹೋಗಿ ಹೊಲಿಗೆ ಹಿಡಿದುಕೊಂಡಳು. ಆಮೇಲೆ ಆ ಹಿಟ್ಟಾದ ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಇದ್ದಳು. "ಅವಳ ಕೈ ಈಗ ಇದೇ ವಾಸನೆ ಇರುತ್ತಾ?"

"ಇರುತ್ತೆ. ಕೈ, ಕಿವಿ, ಕತ್ತಿನ ಮಡಿಕೆ, ಎಲ್ಲ ಕಡೆ."

ಅತ್ತಳು. ನಾನು ಟ್ಯಾಂಕು ನೋಡುತ್ತಿದ್ದೆ. ಆವತ್ತು ಹಾಗೆ ಹೇಳಬಾರದಿತ್ತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. "ಒಳ್ಳೆ ಮನುಷ್ಯ ಕಣೇ ಅವನು" ಎಂಬುದಷ್ಟೇ ಬಾಯಿಗೆ ಬಂತು.

"ಗೊತ್ತು," ಅಂದಳು. "ನಿನಗಿಂತ ಮೂರು ವರ್ಷ ಮೊದಲೇ ಗೊತ್ತಿತ್ತು."

ಏಪ್ರಿಲ್ 2, ಬುಧವಾರ

ಬಾಳೆಹಣ್ಣಿನ ಬದಲು ಬೇಯಿಸಿದ ಸಿಹಿಗೆಣಸು ಹಾಕಿ ನೋಡಿದೆ. ಮೇಡಂ ಅನುಮೋದಿಸಿದರು. ಕುಂಬಳಕಾಯಿ ತಿರಸ್ಕೃತ. ಕೆಳಗಿನ ವಸಡಿನಲ್ಲಿ ಬಿಳಿ ಗೆರೆ ಕಾಣುತ್ತಿದೆ. ಬೆರಳಿಟ್ಟು ನೋಡಿದೆ, ಕಚ್ಚಿದಳು. ಹಲ್ಲೇ.

ನಿದ್ದೆಗೆ ನನ್ನ ಭುಜವೇ ಬೇಕು, ಎಡಭುಜ. ಬಲಭುಜ ಆಗುವುದಿಲ್ಲ. ಇಷ್ಟೆಲ್ಲ ಕಾಯಿದೆ ಯಾರು ಮಾಡಿದರೋ.

ಏಪ್ರಿಲ್ 9, ಬುಧವಾರ

ತಂಗಿ ಮನೆಗೆ ಬಂದಳು. ಭಾವ ಮೂರು ಮಹಡಿ ಎತ್ತಿಕೊಂಡೇ ಹತ್ತಿಸಿದ. ನಾನು ಮಗುವಿಗೆ ಹಳದಿ ಅಂಗಿ ಹಾಕಿ, ಮುಖ ಒರೆಸಿ ಬಾಗಿಲಲ್ಲಿ ನಿಂತಿದ್ದೆ.

ತಂಗಿ ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದಳು. "ಬಾ ಕಂದಾ."

ಮಗು ಅವಳನ್ನು ನೋಡಿತು. ನನ್ನ ಕತ್ತಿಗೆ ಮುಖ ಒತ್ತಿ ಚೀರಿತು. ಮೊದಲ ದಿನ ನನ್ನನ್ನು ಕಂಡು ಅತ್ತದ್ದು ಇದರ ಮುಂದೆ ಏನೂ ಅಲ್ಲ, ಅಂಥ ಚೀರಾಟ. ಭಾವ ಗೊಂಬೆ ಆಡಿಸಿದ, ತಂಗಿ ಹಾಡು ಹೇಳಿದಳು. ಬಿಡಿಸಲು ಹೋದಷ್ಟೂ ನನ್ನ ಅಂಗಿ ಹಿಡಿದುಕೊಂಡಿತು.

"ಬಿಡು ಅಣ್ಣ," ಅಂದಳು. "ಇರಲಿ. ನಿನ್ನ ಹತ್ರವೇ ಇರಲಿ." ಗೋಡೆ ಕಡೆ ತಿರುಗಿ ಮಲಗಿದಳು.

ಇದನ್ನು ಇಲ್ಲಿ ಮಾತ್ರ ಬರೆಯಬಹುದು. ಮಗು ನನ್ನ ಅಂಗಿ ಬಿಡದೆ ಹಿಡಿದಾಗ ನನಗೆ ಒಂದು ಕ್ಷಣ ಸಂತೋಷವಾಯಿತು. ಒಂದು ಕ್ಷಣ ಎಂಬುದೂ ಕಡಿಮೆ ತೋರಿಸಿದ ತೂಕ. ಇನ್ನೂ ಹೆಚ್ಚು ಹೊತ್ತೇ ಇತ್ತು.

ಏಪ್ರಿಲ್ 11, ಶುಕ್ರವಾರ

ನಿನ್ನೆ ಮತ್ತು ಇವತ್ತು ಅದೇ ಕತೆ. ಮೇಡಂ ನನ್ನನ್ನು ಬಿಟ್ಟು ಅಲುಗುವುದಿಲ್ಲ, ತಂಗಿ ಕೇಳುವುದನ್ನೇ ಬಿಟ್ಟಿದ್ದಾಳೆ. ಮಧ್ಯಾಹ್ನ ಬಿಲ್ಲೆ ಮಾಡುವಾಗ ನೋಡುತ್ತಾಳೇನೋ ಎಂದು ತಿರುಗಿದೆ. ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಮಾತ್ರ ಇರಲಿಲ್ಲ.

ನಾನಿದ್ದರೆ ಇದು ಹೀಗೇ. ಭಾವನಿಗೆ ಹದಿನೈದು ದಿನ ಹಗಲಿನ ಅರ್ಧ ಪಾಳಿ ಕೊಟ್ಟಿದ್ದಾರೆ, ಹತ್ತಕ್ಕೆ ಹೋಗಿ ಎರಡಕ್ಕೆ ಬರುತ್ತಾನೆ. ಆ ಹೊತ್ತಿಗೆ ಮೇಲಿನ ಮನೆಯ ನಿವೃತ್ತ ಟೀಚರಮ್ಮ ಬಂದು ಕೂರುತ್ತೇನೆ ಎಂದಿದ್ದಾರೆ. ಬಟ್ಟೆ ಚೀಲಕ್ಕೆ ತುಂಬಿದೆ. ಮೇಡಂ ಮಲಗಿದ್ದಾಗ ಹೊರಟೆ. ಎದ್ದಿದ್ದರೆ ಹೊರಡುತ್ತಿರಲಿಲ್ಲ.

ಏಪ್ರಿಲ್ 15, ಮಂಗಳವಾರ

ಆಫೀಸು. ಹದಿನೇಳು ತಕ್ಕಡಿ. ಒಂದು ತಿರಸ್ಕೃತ.

ಏಪ್ರಿಲ್ 16, ಬುಧವಾರ

ಮಧ್ಯಾಹ್ನ ಎರಡೂವರೆಗೆ ಭಾವನ ಫೋನು.

"ಭಾವ, ಒಂದ್ಸಲ ಬರೋಕಾಗತ್ತಾ? ಇವಳು ಹಾಸಿಗೆ ಬಿಟ್ಟು ಏಳ್ತಿಲ್ಲ. ಡಾಕ್ಟ್ರು ಓಡಾಡಿ ಅಂದಿದಾರೆ. ಮಗು ಹತ್ರ ಹೋದ್ರೆ ಅಳತ್ತೆ, ನಾನು ಯಾರಿಗೆ ಬೇಕು ಅಂತಾಳೆ. ಮಗೂನ ನಿಮ್ಮ ಮನೆಗೇ ಕಳಿಸಿಬಿಡಿ ಅಂತ ಬೆಳಿಗ್ಗೆಯಿಂದ."

"ಮಗು ತಿಂತಿದೆಯಾ?"

"ಟೀಚರಮ್ಮ ಮಾಡ್ತಾರೆ. ಎಸೀತಾಳೆ."

ಸಾಹೇಬರಿಗೆ ಹೇಳಿ ಮೂರಕ್ಕೇ ಹೊರಟೆ. ಬಸ್ಸಿನಲ್ಲಿ ಯೋಚನೆ ಎರಡು ಕಡೆ ಎಳೆಯುತ್ತಿತ್ತು. ನಮ್ಮ ಮನೆ ದೊಡ್ಡದು. ಹಿಂದಿನ ಕೋಣೆಗೆ ಬಿಸಿಲು ಬರುತ್ತದೆ. ತೊಟ್ಟಿಲು ಎಲ್ಲಿ ಇಡಬಹುದು ಎನ್ನುವುದೂ ಮನಸ್ಸಿನಲ್ಲೇ ಆಗಿಹೋಗಿತ್ತು. ನಿಲ್ದಾಣ ಬಂದಾಗ ಇಳಿಯುವುದು ತಡವಾಗಿ, ಒಂದು ನಿಲ್ದಾಣ ಹಿಂದಕ್ಕೆ ನಡೆದೆ. ನಡೆದದ್ದು ಒಳ್ಳೆಯದಾಯಿತು.

ಮಗು ನನ್ನನ್ನು ಕಂಡು ಕೈ ಚಾಚಿತು. ನಾನು ಎತ್ತಿಕೊಳ್ಳಲಿಲ್ಲ. ಅತ್ತಿತು. ಎತ್ತಿಕೊಳ್ಳಲಿಲ್ಲ. ಚಾಪೆಯ ಮೇಲೆ ದಿಂಬುಗಳ ನಡುವೆ ಅದರ ಅಪ್ಪ ಕೂರಿಸಿದ. ನಾನು ಅಡುಗೆಮನೆಯ ಒಲೆಯ ಮುಂದೆ ಸ್ಟೂಲು ಹಾಕಿ ತಂಗಿಯ ಹಾಸಿಗೆಯ ಹತ್ತಿರ ಬಂದೆ.

"ಏಳು."

"ಆಗಲ್ಲ ಅಣ್ಣ."

"ನಿಂತ್ಕೋಬೇಡ, ಕೂತ್ಕೊಂಡು ಮಾಡು. ನಾನು ಕೈ ಮುಟ್ಟಲ್ಲ. ಬರೀ ಬಾಯಿ."

"ಅದೂ ಸಾಕಷ್ಟಿದೆ" ಎಂದಳು. ಆದರೆ ಎದ್ದಳು. ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಹದಿನಾಲ್ಕು ಹೆಜ್ಜೆ.

ಹಣ್ಣು ಹಿಸುಕಿದಳು. ಮೊಟ್ಟೆ ಒಡೆಯುವಾಗ ಸಿಪ್ಪೆ ಬಿತ್ತು, ಬೆರಳಲ್ಲಿ ತೆಗೆದಳು. ಪುಡಿ ಎಷ್ಟು ಎಂದು ಕೇಳಿದಳು. ಇಪ್ಪತ್ತು ಗ್ರಾಂ ಎನ್ನಲು ಹೋಗಿ, "ಹಿಟ್ಟು ಚಮಚದಿಂದ ಮೆಲ್ಲಗೆ ಬೀಳಬೇಕು, ಅಷ್ಟು" ಎಂದೆ. ಹತ್ತು ನಿಮಿಷ ಬಿಡಬೇಕು ಎಂದದ್ದನ್ನು ಅವಳು ಕೇಳಲಿಲ್ಲ. ಐದೇ ನಿಮಿಷಕ್ಕೆ ಬಾಣಲೆಗೆ ಹುಯ್ದಳು. ಮೊದಲನೆಯದು ಹರಿಯಿತು. ಎರಡನೆಯದು ಅವಸರದಲ್ಲಿ ಮಗುಚಿ ಮಡಚಿಕೊಂಡಿತು. ನನ್ನ ಕೈ ಎರಡು ಸಲ ಸೌಟಿನ ಕಡೆ ಹೋಯಿತು. ಜೇಬಿಗೆ ಹಾಕಿಕೊಂಡೆ.

"ಅಣ್ಣ, ನನ್ನಿಂದ ಆಗಲ್ಲ."

"ನಾನು ಮೂರು ಹಾಳು ಮಾಡಿದೀನಿ. ನಿಂದು ಎರಡಾಯ್ತು."

ಮೂರನೆಯದು ಬಿಲ್ಲೆಯಾಗಲಿಲ್ಲ. ನಕ್ಷೆಯಲ್ಲಿನ ದ್ವೀಪದ ಹಾಗಿತ್ತು. ಎರಡು ಬೆರಳಲ್ಲಿ ಒತ್ತಿ ನೋಡಿದಳು. ಬಿಸಿ ಆರಿಸಿ ತುಂಡು ಮಾಡಿದಳು. ಸ್ಟೂಲಿನಿಂದ ಇಳಿದು ಚಾಪೆಯ ಮೇಲೆ ಕೂರಲು ಅವಳಿಗೆ ಎರಡು ನಿಮಿಷ ಬೇಕಾಯಿತು. ಮಗು ಹಿಂದಕ್ಕೆ ಸರಿಯಲು ನೋಡಿತು, ದಿಂಬು ಅಡ್ಡ ಬಂತು. ಬಾಯಿ ಅಳಲು ತೆರೆಯಿತು.

ತಂಗಿ ಎತ್ತಿಕೊಳ್ಳಲು ಹೋಗಲಿಲ್ಲ, ಕರೆಯಲಿಲ್ಲ. ತುಂಡನ್ನು ತನ್ನ ಅಂಗೈಯಲ್ಲಿಟ್ಟು ಅಂಗೈಯನ್ನು ನೆಲದ ಮೇಲೆ ಇಟ್ಟಳು. ಹಾಗೇ ಕೂತಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮಗು ನನ್ನನ್ನು ನೋಡಿತು. ನಾನು ಬಾಗಿಲ ಆಚೆ ಸರಿದೆ.

ಮರೆಯಿಂದ ಕಂಡದ್ದು ಇಷ್ಟು. ಸಣ್ಣ ಕೈ ಮೊದಲು ಅಂಗೈಯನ್ನು ತಟ್ಟಿ ನೋಡಿತು. ತುಂಡು ಎತ್ತಿತು. ಬಾಯಿಗೆ ಹೋಯಿತು. ತಿನ್ನುತ್ತ ತಂಗಿಯ ಮುಖವನ್ನೇ ನೋಡುತ್ತಿತ್ತು. ಎರಡನೇ ತುಂಡು. ಮೂರನೆಯದನ್ನು ಅರ್ಧ ಕಚ್ಚಿ, ಒದ್ದೆಯಾದ ಉಳಿದರ್ಧವನ್ನು ತಂಗಿಯ ಬಾಯಿಗೆ ಒತ್ತಿತು. ತಂಗಿ ಬಾಯಿ ತೆರೆದು ತೆಗೆದುಕೊಂಡಳು. ಆಮೇಲೆ ಮಗು ಅವಳ ಮೊಣಕಾಲು ಹಿಡಿದು ಒರಗಿತು. ಭಾವ ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದುತ್ತಿದ್ದ.

ಒಲೆ ಆರಿಸಿ, ಬಾಣಲೆ ತೊಳೆದು, ಚಪ್ಪಲಿ ಹಾಕಿಕೊಂಡೆ. ಹೊರಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಕಾಲು ನೋಯುತ್ತಿತ್ತು.

ಏಪ್ರಿಲ್ 19, ಶನಿವಾರ

ಮಧ್ಯಾಹ್ನ ತಂಗಿಯೇ ಫೋನ್ ಮಾಡಿದಳು. ಹಿಂದೆ ಮೇಡಂ ಏನನ್ನೋ ಬಡಿಯುವ ಸದ್ದು.

"ಆವತ್ತು ಹೇಳದೆ ಕೇಳದೆ ಯಾಕೆ ಹೋದೆ?"

"ಎಲ್ಲ ಸರಿಯಾಗಿತ್ತಲ್ಲ."

"ನಾಳೆ ಬರ್ತೀಯಾ?"

"ಈಗ ಏನು ಬೇಕಾಗಿತ್ತು?"

"ಏನೂ ಬೇಡ."

"ಮತ್ತೆ?"

"ಬೇಕಾದಾಗ ಮಾತ್ರ ಬರೋಕೆ ನೀನೇನು ಪ್ಲಂಬರಾ? ಬಾ. ಕೂತ್ಕೋ. ಹಾಳುಹರಟೆ ಹೊಡಿ. ನಿನ್ನ ಭಾವ ಹೊಸ ಬಸ್ಸಿನ ಕತೆ ಹೇಳ್ಬೇಕು ಅಂತಿದಾರೆ, ನಂಗಂತೂ ಕೇಳಿ ಕೇಳಿ ಸಾಕಾಗಿದೆ."

ಬರುವಾಗ ಏನು ತರಲಿ ಎಂದು ಕೇಳಿದೆ. ಬೈದಳು.

ನಾಳೆ ಹತ್ತರ ಬಸ್ಸಿಗೆ ಹೋಗುತ್ತಿದ್ದೇನೆ. ಏನೂ ಕೆಲಸವಿಲ್ಲ.